ವಿಲಾಯಿತಿಯಲ್ಲಿ ಎಣ್ಣೆನೀರು

ವಿಲಾಯಿತಿಗೆ ಹೋಗಿ ಬಂದವರು ನಮ್ಮ ಶಂಕರಪುರದಲ್ಲಿ ನನಗಿಂತ ಮುಂಚೆಯೂ ಇದ್ದರು. ಆದರೆ ನನ್ನಷ್ಟು ತಯಾರಿ ಮಾಡಿಕೊಂಡು ಹೋದವರು ಯಾರೂ ಇರಲಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ಕೈಯಲ್ಲಿ ಇಂಜಿನಿಯರಿಂಗ್ ಪದವಿ. ಬಾಯಲ್ಲಿ ಹೈಸ್ಕೂಲು ಮೇಷ್ಟರ ಮಗನ ಇಂಗ್ಲಿಷು. ಮುಳ್ಳುಚಮಚದಲ್ಲಿ ಉಪ್ಪಿಟ್ಟು ತಿನ್ನುವುದನ್ನು ಒಂದು ಕಾಳೂ ಕೆಳಗೆ ಬೀಳದ ಹಾಗೆ ಅಭ್ಯಾಸ ಮಾಡಿದ್ದೆ. ಟೈ ಕಟ್ಟುವುದನ್ನು ನಡುಮನೆಯ ಕಂಬಕ್ಕೆ ಕಟ್ಟಿ ಕಟ್ಟಿ ಕಲಿತಿದ್ದೆ. ಇಂಥವನಿಗೆ ಅಲ್ಲಿ ಅವಮಾನವಾಗಬಹುದು ಎಂದು ಯಾರಾದರೂ ಊಹಿಸುತ್ತಾರೆಯೇ? ನಾನಂತೂ ಊಹಿಸಲಿಲ್ಲ!

ಆಗ ಸ್ವಾತಂತ್ರ್ಯ ಬಂದು ಹೆಚ್ಚು ವರ್ಷವಾಗಿರಲಿಲ್ಲ. ದೇಶಕ್ಕೆ ಕಾರ್ಖಾನೆಗಳು ಬೇಕಾಗಿದ್ದವು, ಕಾರ್ಖಾನೆಗಳಿಗೆ ಇಂಜಿನಿಯರುಗಳು ಬೇಕಾಗಿದ್ದರು. ನಾನು ಕೆಲಸಕ್ಕೆ ಸೇರಿದ್ದ ಬೆಂಗಳೂರಿನ ಹೊಸ ಕಾರ್ಖಾನೆ ವಿದ್ಯುತ್ ಮೋಟಾರುಗಳನ್ನು ಮಾಡಬೇಕೆಂದು ಹೊರಟಿತ್ತು. ಮೋಟಾರಿನ ಡಿಸೈನ್ ಕಲಿತು ಬರಲು ಇಂಗ್ಲೆಂಡಿನ ಒಂದು ಕಾರ್ಖಾನೆಗೆ ಯಾರನ್ನಾದರೂ ಒಂದು ವರ್ಷ ತರಬೇತಿಗೆ ಕಳಿಸಬೇಕಾಗಿತ್ತು. ನನ್ನನ್ನು ಆರಿಸಿದರು. ಅಪ್ಪ ಆ ಸುದ್ದಿಯನ್ನು ಗಾಂಧಿ ಬಜಾರಿನಿಂದ ಮಾವಳ್ಳಿಯವರೆಗೆ ನಡೆದುಕೊಂಡೇ ಹಂಚಿದರು. ಗೊತ್ತಿಲ್ಲದವರನ್ನೂ ನಿಲ್ಲಿಸಿ, "ಮೋಟಾರ್ ಡಿಸೈನ್! ನಮ್ಮ ನಂಜುಂಡ!" ಎಂದು ಹೇಳಿದರಂತೆ.

ಇನ್ನು ಅಮ್ಮ. ಮಗ ಸಮುದ್ರ ದಾಟುವಾಗ ತಾಯಂದಿರು ಮಾಂಸ ಮುಟ್ಟಬೇಡ, ಮದ್ಯ ಮುಟ್ಟಬೇಡ ಎಂದು ಭಾಷೆ ತೆಗೆದುಕೊಳ್ಳುತ್ತಾರೆ ಎಂದು ಕೇಳಿದ್ದೆ. ಅದಕ್ಕೆ ತಕ್ಕ ಉತ್ತರವನ್ನೂ ಗಂಭೀರವಾಗಿ ತಯಾರು ಮಾಡಿಕೊಂಡಿದ್ದೆ. ಅಮ್ಮ ಆ ಮಾತೇ ಎತ್ತಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಅಮ್ಮಾ, ನನ್ನ ಹತ್ರ ಏನೂ ಭಾಷೆ ತಗೊಳಲ್ವಾ?"

"ಏನಂತ?"

"ಅದೇ... ಮಾಂಸ, ಗೀಂಸ..."

"ಅದನ್ನೆಲ್ಲಾ ತಿನ್ನೋವಷ್ಟು ಧೈರ್ಯ ನಿನಗೆಲ್ಲಿದೆ? ಅದು ಬಿಡು. ದೀಪಾವಳಿ ದಿನ ಎಣ್ಣೆನೀರು ಹಾಕ್ಕೊಳೋದು ಮಾತ್ರ ತಪ್ಪಿಸಬೇಡ. ನಿನ್ನ ಮೈ ಮೊದಲೇ ಉಷ್ಣ."

ಇಷ್ಟೇ. ನಾನು ಒಪ್ಪಿದೆ. ಇದಕ್ಕಿಂತ ಸುಲಭವಾದ ಮಾತನ್ನು ಜಗತ್ತಿನ ಯಾವ ಮಗನೂ ತಾಯಿಗೆ ಕೊಟ್ಟಿರಲಾರ ಅಂದುಕೊಂಡೆ.

ಅಮ್ಮ ಹರಳೆಣ್ಣೆಯನ್ನು ಬಿಸ್ಕತ್ತಿನ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಅರಗು ಹಾಕಿ, ಮೇಲೆ ಬಟ್ಟೆ ಬಿಗಿದು ಟ್ರಂಕಿನಲ್ಲಿಟ್ಟಳು. ಸೀಗೆಪುಡಿ ಬೇರೆ ಚೀಲದಲ್ಲಿ. ನಾನು ಟ್ರಂಕಿನ ಮೇಲೆ "ಈ ಕಡೆ ಮೇಲೆ" ಎಂದು ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಬೊಂಬಾಯಿಯ ಬಂದರಿನಲ್ಲಿ ಅದನ್ನು ಬಹಳ ಜೋಪಾನವಾಗಿ ತಲೆಕೆಳಗಾಗಿ ಹಡಗಿಗೆ ಏರಿಸಿದರು. ಇಂಗ್ಲೆಂಡಿನಲ್ಲಿ ಟ್ರಂಕು ತೆಗೆದಾಗ ಡಬ್ಬಿಯಲ್ಲಿ ಒಂದು ತೊಟ್ಟು ಎಣ್ಣೆ ಇರಲಿಲ್ಲ. ಚಿಕ್ಕಪೇಟೆಯಲ್ಲಿ ಹೊಲಿಸಿದ್ದ ನನ್ನ ಹೊಸ ಉಣ್ಣೆ ಸೂಟು ಅಷ್ಟನ್ನೂ ಕುಡಿದು ಸುಖವಾಗಿ ಮಲಗಿತ್ತು!

ಇದ್ದದ್ದು ಅದೊಂದೇ ಸೂಟು. ಅದನ್ನೇ ಹಾಕಿಕೊಂಡು ಮೊದಲ ದಿನ ಕಾರ್ಖಾನೆಗೆ ಹೋದೆ. ಹೊರಗೆ ಚಳಿಯಿದ್ದಾಗ ಏನೂ ಆಗಲಿಲ್ಲ. ಯಂತ್ರಗಳ ನಡುವೆ ಬಿಸಿಗೆ ನಿಂತೊಡನೆ ಸೂಟಿನಿಂದ ಘಮಘಮ ಎದ್ದಿತು. ಫೋರ್‌ಮನ್ ಬ್ರಾಡ್ಲಿ ಎಂಬವರು ನನ್ನ ಕೈ ಕುಲುಕುತ್ತಿದ್ದವರು ಥಟ್ಟನೆ ನಿಲ್ಲಿಸಿ ಗಾಳಿ ಮೂಸಿದರು.

"ಎಲ್ಲೋ ಒಂದು ಬೇರಿಂಗ್ ಬಿಸಿಯಾಗ್ತಾ ಇದೆ!" ಎಂದು ಕೂಗಿದರು.

ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿ ಹುಡುಕಿದರು. ನಾನೂ ಎಲ್ಲರ ಜೊತೆ ಬಗ್ಗಿ ಬಗ್ಗಿ ಹುಡುಕಿದೆ. ನಾನು ಹೋದ ಕಡೆಯಲ್ಲೆಲ್ಲಾ ವಾಸನೆ ಜಾಸ್ತಿಯಾಗುತ್ತಿದ್ದುದರಿಂದ ಅವರಿಗೆ ತುಂಬ ಗೊಂದಲವಾಯಿತು. ಕೊನೆಗೆ ಸುಮ್ಮನಾದರು.

ಆಮೇಲೆ ಬ್ರಾಡ್ಲಿಯವರನ್ನು ಕೇಳಿದೆ, "ಡಿಸೈನ್ ಆಫೀಸು ಎಲ್ಲಿದೆ ಸಾರ್?"

"ಇಲ್ಲಿ ಎಲ್ಲರೂ ನೆಲದಿಂದ ಶುರು ಮಾಡಬೇಕು, ತಮ್ಮಾ."

ಎಂಥ ಒಳ್ಳೆಯ ಮಾತು, ಎಂಥ ವಿನಯ, ಅಂದುಕೊಂಡೆ. ಅವರು ನನ್ನ ಕೈಗೆ ಪೊರಕೆ ಕೊಟ್ಟರು! ಬೆಂಗಳೂರಿನ ಇಂಜಿನಿಯರಿಂಗ್ ಪದವೀಧರ, ಶಂಕರಪುರದ ಮೇಷ್ಟರ ಮಗ, ಕಬ್ಬಿಣದ ಚೂರು ಗುಡಿಸಿದೆ. ಅವರಿಗೆಲ್ಲ ಟೀ ತಂದುಕೊಟ್ಟೆ. ಅಪ್ಪನಿಗೆ, "ಲೋಹಗಳ ಜೊತೆ ನಿಕಟವಾಗಿ ಕೆಲಸ ಮಾಡುತ್ತಿದ್ದೇನೆ" ಎಂದು ಬರೆದೆ. ಚಳಿಗಾಲ ಕಳೆದರೆ ಡಿಸೈನ್ ಆಫೀಸಿಗೆ ಹಾಕುತ್ತೇವೆ ಎಂದು ಬ್ರಾಡ್ಲಿಯವರು ಹೇಳಿದ್ದರಿಂದ ಹಲ್ಲು ಕಚ್ಚಿಕೊಂಡಿದ್ದೆ.

ಆದರೆ ನನ್ನ ರಕ್ತ ಕುದಿಸಿದ್ದು ಪೊರಕೆಯಲ್ಲ. ಸ್ನಾನ!

ನಾನು ಬಾಡಿಗೆಗಿದ್ದದ್ದು ಮಿಸೆಸ್ ಪಾರ್ಕರ್ ಎಂಬ ವಿಧವೆಯ ಮನೆಯ ಮಹಡಿಯಲ್ಲಿ. ಇನ್ನೊಂದು ಕೋಣೆಯಲ್ಲಿ ಮಿಸ್ಟರ್ ಡಾಬ್ಸನ್ ಇದ್ದರು. ನಮ್ಮ ಕಾರ್ಖಾನೆಯಲ್ಲೇ ಹೆಡ್ ಕ್ಲಾರ್ಕು. ದೊಡ್ಡ ಮೀಸೆ, ಸಣ್ಣ ಧ್ವನಿ, ಊರಿನ ಸಮಾಚಾರವೆಲ್ಲ ಅವರ ಕಿವಿಯಲ್ಲಿ, ಕಿವಿಗೆ ಬಿದ್ದದ್ದೆಲ್ಲ ಬಾಯಲ್ಲಿ. ಹೋದ ಮಾರನೆಯ ಬೆಳಿಗ್ಗೆ ಟವಲು ಹೆಗಲ ಮೇಲೆ ಹಾಕಿಕೊಂಡು ಬಚ್ಚಲುಮನೆ ಎಲ್ಲಿ ಎಂದು ಕೇಳಿದೆ.

"ಇವತ್ತು ಮಂಗಳವಾರ ಅಲ್ವಾ?" ಅಂದರು ಮಿಸೆಸ್ ಪಾರ್ಕರ್.

"ಹೌದು."

"ನಿಮ್ಮ ಸ್ನಾನ ಶನಿವಾರ."

"ಯಾವ ಶನಿವಾರ?"

"ಪ್ರತಿ ಶನಿವಾರ," ಅಂದರು, ಬಹಳ ಉದಾರವಾಗಿ.

ನೀವೇ ಹೇಳಿ! ಇವರು ನಮ್ಮನ್ನು ಆಳಿದವರು. ನಮಗೆ ನಾಗರಿಕತೆ ಕಲಿಸುತ್ತೇವೆ ಎಂದು ಬಂದಿದ್ದವರು. ಶನಿವಾರದಿಂದ ಶನಿವಾರದವರೆಗೆ ಒಣಗಿಕೊಂಡು ಕೂತು ಅದು ಹೇಗೆ ಅಷ್ಟು ದೊಡ್ಡ ರಾಜ್ಯಭಾರ ಮಾಡಿದರೋ! ಆ ಶನಿವಾರದ ಸ್ನಾನವಾದರೂ ಸ್ನಾನವೇ? ಒಂದು ಪಿಂಗಾಣಿ ತೊಟ್ಟಿ. ಅದರಲ್ಲಿ ನೀರು ತುಂಬಿ, ಒಳಗೆ ಕೂತು, ನಮ್ಮ ಕೊಳೆಯನ್ನು ನಾವೇ ಸುತ್ತ ಹರಡಿಕೊಂಡು, ಅದರಲ್ಲೇ ನೆನೆದು ಎದ್ದು ಬರಬೇಕು. ಚೊಂಬು ಕೇಳಿದರೆ ಹೂವಿನ ಕುಂಡ ತಂದುಕೊಟ್ಟರು. ನೀರು ಕಾಯಿಸಲು ಗೋಡೆಯ ಮೇಲೆ ಗ್ಯಾಸಿನ ಒಂದು ಬಾಯ್ಲರು. ಅದರ ಪಕ್ಕದ ಪೆಟ್ಟಿಗೆಯೊಳಗೆ ನಾಣ್ಯ ಹಾಕಿದರೆ ಗ್ಯಾಸು ಬರುತ್ತದೆ, ನಾಣ್ಯದ ಋಣ ತೀರಿದೊಡನೆ ನಿಂತುಹೋಗುತ್ತದೆ. ದೇವಸ್ಥಾನದ ಹುಂಡಿಯೂ ಅಷ್ಟು ನಿಷ್ಠುರವಲ್ಲ.

ಹೇಗೋ ದಿನ ಕಳೆದವು. ದೀಪಾವಳಿ ಹತ್ತಿರ ಬಂತು. ಅಮ್ಮನಿಗೆ ಕೊಟ್ಟ ಮಾತು ನೆನಪಿತ್ತು, ಸೀಗೆಪುಡಿಯ ಚೀಲವೂ ಇತ್ತು. ಎಣ್ಣೆ ಮಾತ್ರ ಇರಲಿಲ್ಲ. ಆಗ ಅಲ್ಲಿ ಯುದ್ಧ ಮುಗಿದಿದ್ದರೂ ರೇಷನ್ನು ಮುಗಿದಿರಲಿಲ್ಲ. ಬೆಣ್ಣೆ, ಅಡುಗೆಯ ಕೊಬ್ಬು, ಎಲ್ಲದಕ್ಕೂ ಕೂಪನ್ನು. ಹರಳೆಣ್ಣೆ ಎಲ್ಲಿ ಸಿಗುತ್ತದೆ ಎಂದರೆ, ಔಷಧಿ ಅಂಗಡಿಯಲ್ಲಿ ಅಂದರು. ನಾನು ಸಂತೋಷವಾಗಿ ಹೋದೆ. ಕನ್ನಡಕ ಹಾಕಿಕೊಂಡಿದ್ದ ವಯಸ್ಸಾದ ಅಂಗಡಿಯವರು ಒಂದು ಪುಟ್ಟ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

"ನಿಮಗೇ ಏನು?"

"ನನಗೇ."

"ಒಂದು ಚಮಚ ಸಾಕು. ಮಲಗೋ ಮುಂಚೆ."

"ಒಂದು ಚಮಚ ಎಲ್ಲಿ ಸಾಕಾಗುತ್ತೆ ಸಾರ್? ನನಗೆ ಒಂದು ಸೇರಾದರೂ ಬೇಕು," ಎಂದು ಕೈಯಲ್ಲಿ ಅಳತೆ ತೋರಿಸಿದೆ.

ಅವರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

"ಈ ತೊಂದರೆ ಎಷ್ಟು ದಿನದಿಂದ ಇದೆ?"

ತೊಂದರೆ ಅಂದದ್ದು ಅಭ್ಯಾಸಕ್ಕೆ ಇರಬೇಕು, ಆ ಕಡೆಯ ಇಂಗ್ಲಿಷೇ ಹಾಗೆ, ಅಂದುಕೊಂಡೆ. "ಹುಟ್ಟಿದಾಗಿನಿಂದ," ಅಂದೆ.

"ಅಯ್ಯೋ ಪಾಪ. ಮನೆಯಲ್ಲಿ ಬೇರೆ ಯಾರಿಗಾದರೂ?"

"ಎಲ್ಲರಿಗೂ! ಗಂಡಸರಿಗೆ ಶನಿವಾರ, ಹೆಂಗಸರಿಗೆ ಶುಕ್ರವಾರ. ಚಿಕ್ಕವರಿದ್ದಾಗ ಅಮ್ಮನೇ ಹಿಡಿದು ಕೂರಿಸಿ ಮಾಡ್ತಿದ್ದಳು. ಈಗ ನಾನೇ ಮಾಡ್ಕೋಬೇಕು."

ಅವರು ಆ ಪುಟ್ಟ ಬಾಟಲಿಯನ್ನು ಮಾತ್ರ ಕೊಟ್ಟು, "ಇದಕ್ಕಿಂತ ಹೆಚ್ಚು ನನ್ನ ಆತ್ಮಸಾಕ್ಷಿ ಒಪ್ಪಲ್ಲ," ಅಂದರು.

ಹರಳೆಣ್ಣೆಯನ್ನು ಭೇದಿಗೆ ಕುಡಿಸುತ್ತಾರೆ ಎಂದು ನನಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು! ನಮ್ಮಲ್ಲೂ ಮಕ್ಕಳ ಮೂಗು ಹಿಡಿದು ಕುಡಿಸುತ್ತಾರೆ. ಆದರೆ ತಲೆಗೆ, ಕಣ್ಣಿಗೆ, ದೀಪಕ್ಕೆ, ಗಾಡಿಯ ಅಚ್ಚಿಗೆ, ಹೊಸ ಚಪ್ಪಲಿಗೆ, ಇಷ್ಟಕ್ಕೆಲ್ಲ ಆಗುವ ಒಂದು ಉತ್ತಮ ಪದಾರ್ಥದ ಅತ್ಯಂತ ಹೀನವಾದ ಒಂದು ಉಪಯೋಗವನ್ನು ಹಿಡಿದುಕೊಂಡು ಇಡೀ ಒಂದು ದೇಶ ಕೂತಿರುತ್ತದೆ ಎಂದು ನಾನು ಕನಸಿನಲ್ಲಾದರೂ ಎಣಿಸುವುದು ಹೇಗೆ?

ಬೇರೆ ಬೀದಿಯ ಅಂಗಡಿಗೆ ಹೋದೆ. ಅಲ್ಲೂ ಒಂದು ಪುಟ್ಟ ಬಾಟಲಿ. ಮತ್ತೊಂದು ಅಂಗಡಿ, ಮತ್ತೊಂದು ಬಾಟಲಿ. ಸಾಯಂಕಾಲದ ಹೊತ್ತಿಗೆ ಆ ಊರಿನ ಎಲ್ಲ ಔಷಧಿ ಅಂಗಡಿಗಳನ್ನೂ ಖಾಲಿ ಮಾಡಿ, ಕೋಟಿನ ಜೇಬುಗಳಲ್ಲಿ ಬಾಟಲಿಗಳನ್ನು ಕಿಣಿಕಿಣಿ ಎನಿಸಿಕೊಂಡು ಮನೆಗೆ ಬಂದೆ. ಕೊನೆಯ ಅಂಗಡಿಯಲ್ಲಿ ಮಿಸ್ಟರ್ ಡಾಬ್ಸನ್ ಕೆಮ್ಮಿನ ಮಾತ್ರೆ ಕೊಳ್ಳುತ್ತಾ ನಿಂತಿದ್ದರು. ನಾನು ನಕ್ಕು, ಟೋಪಿ ಎತ್ತಿ ನಮಸ್ಕಾರ ಮಾಡಿದೆ. ಅವರು ನಗಲಿಲ್ಲ.

ಮಾರನೆಯ ದಿನ ಜಗತ್ತೇ ಬದಲಾಗಿತ್ತು. ತಿಂಡಿಗೆ ಕೂತರೆ ಮಿಸೆಸ್ ಪಾರ್ಕರ್ ಒಂದು ಬಟ್ಟಲು ಬೇಯಿಸಿದ ಒಣಹಣ್ಣು ತಂದಿಟ್ಟು, "ಹೊಟ್ಟೆಗೆ ಒಳ್ಳೆಯದು," ಎಂದು ಭುಜ ತಟ್ಟಿದರು. ಕಾರ್ಖಾನೆಯಲ್ಲಿ ಬ್ರಾಡ್ಲಿಯವರು ನನ್ನ ಕೈಯಿಂದ ಪೊರಕೆ ತೆಗೆದುಕೊಂಡು, "ನೀವು ಇವತ್ತು ಬಗ್ಗಬೇಡಿ," ಅಂದರು. ನನ್ನ ಜಾಗವನ್ನೂ ಬದಲಾಯಿಸಿದರು. ಅದು ಪಾಯಿಖಾನೆಯ ಬಾಗಿಲಿಗೆ ಅಂಟಿಕೊಂಡ ಹಾಗೆ ಇತ್ತು ಎಂಬುದನ್ನು ಗಮನಿಸಿದೆ. ಕಾರಣ ಹೊಳೆಯಲಿಲ್ಲ. ಟೀಯನ್ನು ಅವರೇ ನನಗೆ ತಂದುಕೊಟ್ಟರು! ನಾಳೆ ನಮ್ಮ ಹಬ್ಬ ಎಂಬುದು ಇವರಿಗೆಲ್ಲ ಹೇಗೋ ತಿಳಿದಿದೆ, ಪರದೇಶದ ಹುಡುಗ ಎಂದು ಆದರಿಸುತ್ತಿದ್ದಾರೆ ಎಂದು ನನ್ನ ಕಣ್ಣು ಒದ್ದೆಯಾಯಿತು.

"ಯಾವಾಗ ತಗೋತೀರಿ?" ಎಂದು ಬ್ರಾಡ್ಲಿ ಮೆಲ್ಲಗೆ ಕೇಳಿದರು. ಅವರ ಕಣ್ಣು ನನ್ನ ಕೋಟಿನ ಜೇಬಿನ ಮೇಲಿತ್ತು.

"ನಾಳೆ ಬೆಳಗಿನ ಜಾವ. ಸೂರ್ಯ ಹುಟ್ಟೋ ಮುಂಚೆ."

"ಎಷ್ಟು?"

"ಅಷ್ಟೂ! ಒಂದೇ ಸಲಕ್ಕೆ. ವರ್ಷಕ್ಕೊಂದು ಹಬ್ಬ ಅಲ್ವಾ ಸಾರ್?"

ಬ್ರಾಡ್ಲಿಯವರ ಮುಖ ಬಿಳಿಚಿಕೊಂಡಿತು. ಅವರು ಮೊದಲೇ ಬಿಳಿ. ಅದರ ಮೇಲೂ ಬಿಳಿಚಿಕೊಂಡಿದ್ದನ್ನು ಕಂಡು ನನಗೆ ಆಶ್ಚರ್ಯವಾಯಿತು.

ಬೆಳಗಿನ ಜಾವ ಎದ್ದೆ. ಕಿಟಕಿಯ ಗಾಜಿನ ಮೇಲೆ ಮಂಜು ಗಟ್ಟಿಯಾಗಿತ್ತು. ಶಂಕರಪುರದಲ್ಲಿ ಈ ಹೊತ್ತಿಗೆ ಹಂಡೆಯ ಕೆಳಗೆ ಸೌದೆ ಉರಿಯುತ್ತಿರುತ್ತದೆ, ಅಮ್ಮ ಮಣೆ ಹಾಕಿ ಕರೆಯುತ್ತಿರುತ್ತಾಳೆ ಎಂದು ನೆನೆದುಕೊಂಡು, ಬಚ್ಚಲುಮನೆಗೆ ಹೋಗಿ ಅಗಳಿ ಹಾಕಿದೆ. ಲಂಗೋಟಿಯಲ್ಲಿ ನಿಂತು ಬಾಟಲಿಗಳನ್ನೆಲ್ಲ ತಲೆಗೆ ಸುರಿದುಕೊಂಡು ತಟ್ಟಿದೆ, ಮೈಗೆ ತಿಕ್ಕಿದೆ. ಚಳಿಗೆ ಎಣ್ಣೆ ಮೈಮೇಲೆ ಗಂಜಿಯ ಹಾಗೆ ನಿಂತಿತು. ಹಲ್ಲು ಕಟಕಟ ಅನ್ನುತ್ತಿದ್ದರೂ ಚೆನ್ನಾಗಿ ನೆನೆಯಲಿ ಎಂದು ಬಿಟ್ಟು, ಆಮೇಲೆ ಪೆಟ್ಟಿಗೆಗೆ ನಾಣ್ಯ ಹಾಕಿದೆ. ಬಾಯ್ಲರು ಹುಲಿಯ ಹಾಗೆ ಗರ್ಜಿಸಿತು. ತೊಟ್ಟಿಗೆ ಒಂದು ಗೇಣು ನೀರು ಬಂತು. ಸೀಗೆಪುಡಿಯ ಚೀಲವನ್ನು ಧಾರಾಳವಾಗಿ ಸುರಿದೆ. ತಲೆಗೂ ಮೆತ್ತಿದೆ.

ಬಾಯ್ಲರು ಒಂದು ಸಲ ಬಿಕ್ಕಳಿಸಿತು. ನಿಂತುಹೋಯಿತು!

ಇನ್ನೊಂದು ನಾಣ್ಯ ಕೋಣೆಯಲ್ಲಿತ್ತು, ಪ್ಯಾಂಟಿನ ಜೇಬಿನಲ್ಲಿ. ತಂದುಬಿಡೋಣ ಎಂದು ಬಾಗಿಲಿಗೆ ಹೋದರೆ ಅಗಳಿ ಕೈಗೆ ನಿಲ್ಲುತ್ತಿಲ್ಲ. ಅದೊಂದು ಸಣ್ಣ ಹಿತ್ತಾಳೆಯ ಗುಂಡು, ನನ್ನದು ಎಣ್ಣೆಗೈ. ಹಿಡಿದರೆ ಜಾರುತ್ತದೆ, ತಿರುಗಿಸಿದರೆ ನಾನೇ ತಿರುಗುತ್ತೇನೆ. ಟವಲಿನಲ್ಲಿ ಹಿಡಿಯೋಣವೆಂದರೆ ಟವಲೂ ಎಣ್ಣೆ. ಅಷ್ಟರಲ್ಲಿ ತಲೆಯ ಸೀಗೆಪುಡಿ ಹಣೆಯಿಂದ ಇಳಿದು ಎರಡು ಕಣ್ಣಿಗೂ ಬಿತ್ತು. ಸೀಗೆಪುಡಿ ಕಣ್ಣಿಗೆ ಬಿದ್ದರೆ ಹೇಗಿರುತ್ತದೆ ಎಂದು ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ.

"ಅಮ್ಮಾ! ಅಯ್ಯಯ್ಯೋ! ಉರೀ! ಉರೀ!" ಎಂದು ಗಂಟಲು ಕಿತ್ತುಹೋಗುವ ಹಾಗೆ ಕೂಗಿದೆ. ಕಣ್ಣು ಮುಚ್ಚಿಕೊಂಡು ನಲ್ಲಿ ಹುಡುಕುತ್ತಾ ಹೋಗಿ ಜಾರಿ ದಢಾರನೆ ತೊಟ್ಟಿಯಲ್ಲಿ ಬಿದ್ದೆ.

ಹೊರಗೆ ಡಾಬ್ಸನ್ನರ ಧ್ವನಿ ಕೇಳಿಸಿತು. "ತಗೊಂಡುಬಿಟ್ಟಿದ್ದಾನೆ ಮಿಸೆಸ್ ಪಾರ್ಕರ್! ಅಷ್ಟನ್ನೂ ತಗೊಂಡುಬಿಟ್ಟಿದ್ದಾನೆ!"

"ಬಾಗಿಲು ತೆಗೆಯೋಕೂ ಆಗ್ತಿಲ್ಲ ಪಾಪ!" ಎಂದು ಮಿಸೆಸ್ ಪಾರ್ಕರ್ ಅತ್ತರು.

ಬ್ರಾಡ್ಲಿಯವರು ಹಿಂದಿನ ದಿನವೇ ಕಾರ್ಖಾನೆಯ ಡಾಕ್ಟರಿಗೆ ಹೇಳಿ ಇಟ್ಟಿದ್ದರಂತೆ. ಹೀಗಾಗಿ ಡಾಕ್ಟರು ಬರುವುದು ತಡವಾಗಲಿಲ್ಲ. ಬ್ರಾಡ್ಲಿಯವರೂ ಜೊತೆಗೆ ಬಂದು ಬಾಗಿಲಿಗೆ ಭುಜ ಕೊಟ್ಟರು. ಅಗಳಿ ಕಿತ್ತುಬಂತು. ಡಾಕ್ಟರು ಕೈಪೆಟ್ಟಿಗೆ ಹಿಡಿದು ಘನವಾಗಿ ಒಂದು ಹೆಜ್ಜೆ ಒಳಗಿಟ್ಟರು. ಎರಡನೆಯ ಹೆಜ್ಜೆಯನ್ನು ಅವರು ಇಡಲಿಲ್ಲ. ನೆಲದ ಎಣ್ಣೆಯೇ ಅವರನ್ನು ನಯವಾಗಿ ಕರೆದುಕೊಂಡು ಬಂದು ತೊಟ್ಟಿಯ ಅಂಚಿಗೆ ಮೊಣಕೈ ಬಡಿಸಿ ಕೂರಿಸಿತು. ಅವರು ನೋವಿನಲ್ಲೂ ತಲೆಯೆತ್ತಿ ತೊಟ್ಟಿಯೊಳಗೆ ಇಣುಕಿದರು. ಒಳಗೆ ನಾನು, ನನ್ನ ಸುತ್ತ ಕಂದು ಬಣ್ಣದ ಮಂದವಾದ ನೀರು.

ಡಾಕ್ಟರು ಟೋಪಿ ತೆಗೆದರು.

ಡಾಬ್ಸನ್ನರು ಮಿಸೆಸ್ ಪಾರ್ಕರರ ಮುಖವನ್ನು ಆ ಕಡೆ ತಿರುಗಿಸಿದರು. ಬ್ರಾಡ್ಲಿಯವರು, "ತಮ್ಮಾ, ಇಂಥದ್ದು ಯಾರಿಗೆ ಬೇಕಾದರೂ ಆಗಬಹುದು," ಎಂದು ಗದ್ಗದಿತರಾಗಿ ನುಡಿದರು. "ಇದು ಸೀಗೆಪುಡಿ! ಸೀಗೆಪುಡಿ!" ಎಂದು ನಾನು ಅರಚಿದೆ. ಅಚ್ಚಕನ್ನಡದಲ್ಲಿ ಅರಚಿದೆ. ಕಣ್ಣು ಉರಿಯುವಾಗ ಇಂಗ್ಲಿಷು ಬರುವುದಿಲ್ಲ. ಜ್ವರದಲ್ಲಿ ಬಡಬಡಿಸುತ್ತಿದ್ದಾನೆ ಎಂದು ಕಂಬಳಿ ಸುತ್ತಿದರು. ಎತ್ತಿದರೆ ಕಂಬಳಿ ಅವರ ಕೈಯಲ್ಲಿ ಉಳಿಯಿತು, ನಾನು ಮೀನಿನ ಹಾಗೆ ಕೆಳಗೆ ಬಂದೆ! ಕೊನೆಗೆ ಮೆಟ್ಟಿಲ ಮೇಲೆ ಕೂರಿಸಿ ಮೆಲ್ಲಗೆ ತಳ್ಳಿದರು. ಯಾವ ಶ್ರಮವೂ ಇಲ್ಲದೆ ಬೀದಿಬಾಗಿಲು ತಲುಪಿದೆ. ಅಕ್ಕಪಕ್ಕದವರೆಲ್ಲ ನಿಂತು ನೋಡಿದರು.

ಹಬ್ಬದ ದಿನ ನಾನು ಆಸ್ಪತ್ರೆಯಲ್ಲಿ ಬಾರ್ಲಿ ಗಂಜಿ ಕುಡಿದೆ. ಮಧ್ಯಾಹ್ನ ಡಾಕ್ಟರು ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಬಂದರು.

"ನಿಜ ಹೇಳಿ. ಎಷ್ಟು ಕುಡಿದಿರಿ?"

"ಒಂದು ತೊಟ್ಟೂ ಇಲ್ಲ!"

"ಹೆದರಬೇಡಿ. ಬಾಟಲಿಗಳೆಲ್ಲ ಖಾಲಿಯಾಗಿವೆ."

"ಅಷ್ಟನ್ನೂ ತಲೆಗೆ ಹಾಕ್ಕೊಂಡೆ ಸಾರ್!"

ಡಾಕ್ಟರು ನರ್ಸಿನ ಕಡೆ ತಿರುಗಿ, "ತಲೆಗೇ ಹತ್ತಿದೆ," ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಹಾಸಿಗೆಯ ಮೇಲೆ ಎದ್ದು ಕೂತು ಎಣ್ಣೆ, ಸೀಗೆಪುಡಿ, ನರಕ ಚತುರ್ದಶಿ, ಎಲ್ಲವನ್ನೂ ಮೊದಲಿನಿಂದ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

"ಸರಿ. ಎಣ್ಣೆ ತಲೆಗೆ ಯಾಕೆ?"

"ಮೈ ತಂಪಾಗಲಿ ಅಂತ."

ಡಾಕ್ಟರು ಕಿಟಕಿಯ ಹೊರಗೆ ನೋಡಿದರು. ಮರಗಳ ಮೇಲೆ, ಸೂರುಗಳ ಮೇಲೆ, ಹಾಲಿನ ಗಾಡಿಯ ಕುದುರೆಯ ಮೇಲೆ ಮಂಜು ಬೀಳುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ತಂಪಾಯಿತೇ?"

ನನ್ನ ಹಲ್ಲು ಕಟಕಟಿಸುವುದು ಇನ್ನೂ ನಿಂತಿರಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ನಾನು ಈ ಕಥೆಯನ್ನು ಯಾರಿಗೂ ಹೇಳುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದೊಡನೆ ಕಾರ್ಖಾನೆಯ ಮ್ಯಾನೇಜರು ಕರೆಸಿದರು. ಬಾಗಿಲು ಮುರಿದಿದೆ, ಡಾಕ್ಟರ ಮೊಣಕೈ ಊದಿದೆ, ಆ ಬೀದಿಯ ಚರಂಡಿಯೇ ಕಟ್ಟಿಕೊಂಡಿದೆ. ಹುಡುಗನ ಆರೋಗ್ಯಕ್ಕೆ ಈ ದೇಶ ಒಗ್ಗುವುದಿಲ್ಲ, ಊರಿಗೆ ಕಳಿಸುವುದೇ ಮೇಲು ಎಂದು ಡಾಬ್ಸನ್ನರು ಬೇರೆ ಬರೆದುಕೊಟ್ಟಿದ್ದರಂತೆ. ಮ್ಯಾನೇಜರು ಅದನ್ನೆಲ್ಲ ಓದಿ ಹೇಳುತ್ತಿದ್ದರೆ ನನ್ನ ಕಣ್ಣ ಮುಂದೆ ಅಪ್ಪ ಬಂದರು. ಗಾಂಧಿ ಬಜಾರಿನಲ್ಲಿ ಅಷ್ಟು ಜನರನ್ನು ನಿಲ್ಲಿಸಿ ಹೇಳಿದ್ದಾರೆ. ಈಗ ಮಗ ಭೇದಿಯ ಕಾರಣದಿಂದ ವಾಪಸು ಬಂದ ಎಂದು ಹೇಗೆ ಹೇಳಿಯಾರು? ಅದೂ ಆಗದೇ ಇದ್ದ ಭೇದಿ!

ನನಗೆ ಹೆದರಿಕೆ ಹೋಯಿತು. ಸಿಟ್ಟು ಬಂತು. "ಸಾರ್, ನೀವು ಒಂದು ಉತ್ತಮವಾದ ಎಣ್ಣೆಗೆ ಅಪಮಾನ ಮಾಡ್ತಿದ್ದೀರಿ," ಎಂದು ಶುರುಮಾಡಿದೆ. ಅದರ ಗುಣಗಳನ್ನು ಒಂದೂ ಬಿಡದೆ ಹೇಳಿದೆ. ಚಳಿಗೆ ಎಷ್ಟು ಗಟ್ಟಿಯಾಗುತ್ತದೆ, ಬಿಸಿಗೆ ಎಷ್ಟು ತೆಳ್ಳಗಾಗುತ್ತದೆ, ಎಷ್ಟು ತಿಕ್ಕಿದರೂ ಹೇಗೆ ಬಿಡುವುದಿಲ್ಲ, ಎಲ್ಲವೂ ನನ್ನ ಚರ್ಮಕ್ಕೆ ತಾಜಾ ಆಗಿ ಗೊತ್ತಿತ್ತು. ಎತ್ತಿನ ಗಾಡಿಯ ಅಚ್ಚಿಗೆ ಹಾಕಿದರೆ ಚಕ್ರ ಸದ್ದಿಲ್ಲದೆ ತಿರುಗುತ್ತದೆ ಎಂದೂ ಹೇಳಿದೆ. ಅಷ್ಟು ಹೊತ್ತು ಮುಖ ಗಂಟು ಹಾಕಿಕೊಂಡಿದ್ದ ಮ್ಯಾನೇಜರು ಒಮ್ಮೆಗೇ ಮುಂದಕ್ಕೆ ಬಾಗಿದರು.

"ನಾನು ಹುಡುಗನಾಗಿದ್ದಾಗ ಮೋಟಾರ್ ಸೈಕಲ್ ರೇಸಿಗೆ ಹೋಗ್ತಿದ್ದೆ. ಎಂಜಿನ್ನಿಗೆ ಇದೇ ಎಣ್ಣೆ ಹಾಕ್ತಿದ್ವಿ. ಆ ವಾಸನೆ ಇದೆಯಲ್ಲ..." ಎಂದು ಕಣ್ಣು ಮುಚ್ಚಿಕೊಂಡರು. ಆ ಸೂಟಿನಲ್ಲೇ ನಾನು ಅವರ ಮುಂದೆ ನಿಂತಿದ್ದೆ. ಅವರು ಒಂದು ದೀರ್ಘವಾದ ಉಸಿರು ಎಳೆದುಕೊಂಡರು.

"ನಿಮ್ಮನ್ನು ವಾಪಸು ಕಳಿಸಲ್ಲ," ಅಂದರು.

"ತುಂಬಾ ಉಪಕಾರವಾಯಿತು ಸಾರ್!"

"ಎಣ್ಣೆಯ ಮೇಲೆ ಇಷ್ಟು ಭಕ್ತಿ ಇರುವವರನ್ನು ನಾನು ಕಂಡಿಲ್ಲ. ಇವತ್ತಿನಿಂದ ನೀವು ನಮ್ಮ ಲೂಬ್ರಿಕೇಶನ್ ವಿಭಾಗದಲ್ಲಿ ಕೆಲಸ ಮಾಡಿ. ಪೂರ್ತಿ ಅವಧಿ."

"ಸಾರ್, ನಾನು ಬಂದಿದ್ದು ಮೋಟಾರ್ ಡಿಸೈನ್..."

"ಥ್ಯಾಂಕ್ಸ್ ಎಲ್ಲ ಬೇಡ," ಎಂದು ಕೈ ಕುಲುಕಿ, ಎಣ್ಣೆಯಾಗಿದೆಯೇ ಎಂದು ಅಂಗೈ ನೋಡಿಕೊಂಡರು.

ಉಳಿದ ತಿಂಗಳುಗಳೆಲ್ಲ ಕೊಕ್ಕಿನ ಡಬ್ಬಿ ಹಿಡಿದು ಯಂತ್ರದಿಂದ ಯಂತ್ರಕ್ಕೆ ಹೋಗಿ ಎಣ್ಣೆ ಬಿಟ್ಟೆ! ಡಿಸೈನ್ ಆಫೀಸಿನ ಒಳಗೆ ಒಂದೇ ಒಂದು ಸಲ ಹೋದೆ. ಅದರ ಬಾಗಿಲು ಕಿರುಗುಟ್ಟುತ್ತಿದೆ ಎಂದು ಕರೆದಿದ್ದರು.

ಹೊರಡುವಾಗ ಒಂದು ಸರ್ಟಿಫಿಕೇಟು ಕೊಟ್ಟರು. ಎಣ್ಣೆ ಹಾಕುವುದರಲ್ಲಿ ಅಸಾಧಾರಣ ಆಸಕ್ತಿ ಉಳ್ಳವನು ಎಂದು ಅದರಲ್ಲಿ ಬರೆದಿತ್ತು. ಬೆಂಗಳೂರಿನ ಕಾರ್ಖಾನೆಯಲ್ಲಿ ಅದನ್ನು ಎರಡೆರಡು ಸಲ ಓದಿದ ಮೇಲಧಿಕಾರಿಗಳು, "ಡಿಸೈನಿಗೆ ಬೇರೆಯವರನ್ನ ಕಳಿಸೋಣ ಬಿಡಿ," ಅಂದರು. ನನ್ನನ್ನು ಎಣ್ಣೆ ಉಗ್ರಾಣದ ಮೇಲ್ವಿಚಾರಕನನ್ನಾಗಿ ಮಾಡಿದರು. ಅಪ್ಪ ಗಾಂಧಿ ಬಜಾರಿಗೆ ಹೋಗುವುದನ್ನು ಕೆಲವು ಕಾಲ ನಿಲ್ಲಿಸಿ, ತರಕಾರಿಗೆ ಚಾಮರಾಜಪೇಟೆಗೆ ಹೋಗತೊಡಗಿದರು.

ಆಮೇಲೆ ಮಲ್ಲೇಶ್ವರದಲ್ಲಿ ಹೆಣ್ಣು ನೋಡಲು ಹೋದೆವು. ವಿಲಾಯಿತಿಗೆ ಹೋಗಿ ಬಂದ ಹುಡುಗ ಎಂದು ನಡುಮನೆ ತುಂಬ ಜನ. ಉಪ್ಪಿಟ್ಟು ಕೊಟ್ಟರು. ಮುಳ್ಳುಚಮಚ ಕೊಡಲಿಲ್ಲ. ಮೂಲೆಯಲ್ಲಿ ಕೂತಿದ್ದ ಹುಡುಗಿಯ ಅಜ್ಜಿ ಕೇಳಿದರು.

"ಅಲ್ಲಿ ಏನು ಓದ್ಕೊಂಡು ಬಂದ್ಯಪ್ಪಾ?"

"ಲೂಬ್ರಿಕೇಶನ್ ಅಜ್ಜಿ."

"ಹಾಗಂದ್ರೆ?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಸೂರು ನೋಡುತ್ತಿದ್ದರು. "ಕೀಲುಗಳಿಗೆ ಎಣ್ಣೆ ಹಾಕೋದು," ಅಂದೆ.

"ಅದನ್ನ ಕಲಿಯೋಕೆ ಒಂದು ವರ್ಷ ಬೇಕಾಯ್ತಾ? ನಮ್ಮನೆ ಬಾಗಿಲಿಗೆ ದೀಪದಲ್ಲಿ ಉಳಿದ ಎಣ್ಣೆ ನಾನೇ ಹಾಕ್ತೀನಿ. ನಾನು ಯಾವ ಹಡಗೂ ಹತ್ತಲಿಲ್ಲವಲ್ಲೋ!"

ಒಳಮನೆಯಿಂದ ಕಿಸಕ್ಕನೆ ನಗು ಕೇಳಿಸಿತು. ಸಂಬಂಧ ತಪ್ಪಿಹೋಯಿತು ಎಂದೇ ನಾವು ಎದ್ದು ಬಂದೆವು. ಆದರೆ ವಾರದೊಳಗೆ ಒಪ್ಪಿಗೆ ಬಂತು! ನಾನು ಉಬ್ಬಿಹೋದೆ. ಆ ನಗುವಿನ ಒಡತಿ ಈಗ ನನ್ನ ಹೆಂಡತಿ. ಮದುವೆಯಾದ ಹೊಸದರಲ್ಲಿ ಒಂದು ದಿನ ಹೂ ಕಟ್ಟುತ್ತಾ ಕೂತಿದ್ದಾಗ, ಒಳ್ಳೆಯ ಮಾತು ಕೇಳಿಸಿಕೊಳ್ಳುವ ಆಸೆಯಿಂದ ಕೇಳಿದೆ.

"ಅಷ್ಟೆಲ್ಲಾ ಕೇಳಿಸ್ಕೊಂಡ ಮೇಲೂ ನನ್ನನ್ನ ಯಾಕೆ ಒಪ್ಕೊಂಡೆ?"

ಅವಳು ಹೂವಿನಿಂದ ಕಣ್ಣು ತೆಗೆಯಲಿಲ್ಲ.

"ನನ್ನ ಹೊಲಿಗೆ ಮೆಷಿನ್ನು ಬಹಳ ದಿನದಿಂದ ಕಿರ್ರ್ ಅಂತಿತ್ತು ರೀ. ರಿಪೇರಿಯೋನು ಬರ್ತೀನಿ ಬರ್ತೀನಿ ಅಂತ ಬರಲೇ ಇಲ್ಲ."

ಮೆಷಿನ್ನು ಈಗ ಸದ್ದಿಲ್ಲದೆ ಓಡುತ್ತಿದೆ. ನನ್ನ ವಿಲಾಯಿತಿ ವಿದ್ಯೆಯ ಬಗ್ಗೆ ಹೇಳಿಕೊಳ್ಳಬಹುದಾದದ್ದು ಅಷ್ಟೇ.